ಕಡಲಿಗೆ ಬೆನ್ನು

ಅಲ್ ಖಫ್ಜಿಯಿಂದ ರಾಸ್ ಅಲ್ ಖೈರ್‌ವರೆಗಿನ ಅರಬ್ ನಾಡಿನ ಪೂರ್ವ ಕಡಲಂಚಿನ ರಸ್ತೆಯಲ್ಲಿ ಹಂಝನಿಗೆ ಗೊತ್ತಿಲ್ಲದ ತಿರುವಿಲ್ಲ. ಹತ್ತೊಂಬತ್ತು ವರ್ಷಗಳಿಂದ ಕಾರ್ಮಿಕರ ಕ್ಯಾಂಪುಗಳಿಗೆ ತರಕಾರಿ ಒಯ್ಯುವ ಡ್ರೈವರ್ ಅವನು. ಇಷ್ಟು ವರ್ಷವೂ ಪಕ್ಕದ ಸೀಟಿನಲ್ಲಿ ಕೂತದ್ದು ಈರುಳ್ಳಿ ಚೀಲ. ಈ ಶನಿವಾರ ಮಾತ್ರ ಅಲ್ಲಿ ಹೆಂಡತಿ ಆಸ್ಯಮ್ಮ, ಉಳ್ಳಾಲದಿಂದ ಮೊದಲ ಸಲ ವಿಸಿಟ್ ವೀಸಾದಲ್ಲಿ ಬಂದವಳು.

ಒಂದು ಬದಿ ಮರಳು, ಅಲ್ಲೊಂದು ಇಲ್ಲೊಂದು ಒಂಟೆ. ಇನ್ನೊಂದು ಬದಿ ಅಲೆಯ ಸದ್ದೇ ಇಲ್ಲದ ನೀಲಿ ನೀರು.

"ಇದೆಂತ ಕಡಲು, ಬಾಯೇ ಇಲ್ಲ ಇದಕ್ಕೆ!" ಎಂದು ದಾರಿಯುದ್ದಕ್ಕೂ ನಗುತ್ತಿದ್ದಳು ಆಸ್ಯಮ್ಮ.

ಮಧ್ಯಾಹ್ನದ ನಮಾಝಿಗೆ ಗಾಡಿ ನಿಲ್ಲಿಸಿದಾಗ ಅವಳು ಸೀದಾ ಹೋಗಿ ಚಾಪೆಯನ್ನು ಕಡಲಿಗೆ ಮುಖಮಾಡಿ ಹಾಸಿದಳು. ಹಂಝ ನಕ್ಕುಬಿಟ್ಟ. ಬಂದ ಹೊಸತರಲ್ಲಿ ಅವನೂ ಹಾಗೆಯೇ ನಿಂತಿದ್ದ. ಸುಡಾನಿ ಮುದುಕನೊಬ್ಬ ಭುಜ ಹಿಡಿದು ತಿರುಗಿಸಿದ್ದ.

"ಅದು ಊರಿನ ಲೆಕ್ಕ ಮಾರಾಯ್ತಿ. ಅಲ್ಲಿ ಮಕ್ಕಾ ಕಡಲಿನ ಆಚೆ. ಇಲ್ಲಿ ಮಕ್ಕಾ ಮರಳಿನ ಕಡೆ, ಕಡಲು ಬೆನ್ನಿಗೆ ಬರ್ಬೇಕು."

ಆಸ್ಯಮ್ಮ ಚಾಪೆಯಿಂದ ಈಚೆ ಸರಿದಳು.

"ಊರಲ್ಲಿ ದುಆಕ್ಕೆ ಕೈ ಎತ್ತಿದರೆ ಕಡಲಿನ ಆಚೆ ನೀವೂ ಇದ್ರಿ," ಎಂದಳು. "ಈಗ ಪಕ್ಕದಲ್ಲೇ ಇದ್ದೀರಲ್ಲ. ತಿರುಗಿಸಿ ಹಾಕಿ."