ನಾಲ್ಕು ಹಲಗೆಗಳ ಸುಟ್ಟ ಕಲೆ

ಶುಕೂರ್ 2018ರ ಮಾರ್ಚ್ ಒಂಬತ್ತರಂದು, ಶುಕ್ರವಾರ ಬೆಳಿಗ್ಗೆ, ಗಲ್ಫಿನ ಅಲ್ ಕುಸೈಸ್‌ನ ತಮ್ಮ ಫ್ಲಾಟಿನಲ್ಲಿ ತೀರಿಕೊಂಡರು. ಹೃದಯಾಘಾತ. ಐವತ್ತೊಂಬತ್ತು ವರ್ಷ. ಜುಮಾ ನಮಾಜಿಗೆಂದು ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಮಧ್ಯಾಹ್ನ ಅವರ ಫೋನಿಗೆ ಮೊದಲು ಬಂದ ಕರೆ ಉಪ್ಪಿನಂಗಡಿಯಿಂದ, ಉಸ್ಮಾನ್ ಎಂಬವನದು. ಅವರಿಬ್ಬರ ನಡುವೆ ಮಾತು ನಿಂತು ಏಳು ವರ್ಷವಾಗಿತ್ತು. ಸುದ್ದಿಯನ್ನು ಅವನಿಗೆ ಹೇಳಿದ್ದು ಶುಕೂರರ ಹೆಂಡತಿ ಜಮೀಲ.

ಇಪ್ಪತ್ತೇಳು ವರ್ಷ ಶುಕೂರ್ ರಾಸ್ ಅಲ್ ಖೋರ್‌ನ ಒಂದು ಮರದ ಯಾರ್ಡಿನಲ್ಲಿ ದುಡಿದರು. ಹಡಗಿನಲ್ಲಿ ಬಂದ ಹಲಗೆಗಳನ್ನು ನೋಡಿ, ಮುಟ್ಟಿ, ಒಮ್ಮೊಮ್ಮೆ ಮೂಸಿ, ಯಾವುದು ಬಾಗಿಲಿಗೆ, ಯಾವುದು ಬರೀ ಕಾಂಕ್ರೀಟಿನ ಸೆಂಟ್ರಿಂಗಿಗೆ ಎಂದು ಬೇರ್ಪಡಿಸುವುದು ಅವರ ಕೆಲಸ. ಉತ್ತರದ ಚಳಿ ದೇಶಗಳಿಂದ ಬಂದ ಪೈನ್ ಕಟ್ಟುಗಳನ್ನು ಬಿಚ್ಚಿದ ದಿನ ಅವರು ಮೆಟ್ಟಿಲು ಹತ್ತುವಾಗಲೇ ಮರದ ಅಂಟಿನ ಪರಿಮಳ ಮನೆಯೊಳಗೆ ಬಂದಾಗಿರುತ್ತಿತ್ತು. "ಎಲ್ಲರ ಗಂಡಂದಿರು ಅತ್ತರು ಹಚ್ಚುತ್ತಾರೆ, ನಮ್ಮವರು ಟರ್ಪೆಂಟೈನ್" ಎಂದು ಜಮೀಲ ನಗುತ್ತಿದ್ದರು.

ಬೆಂಕಿಯೆಂದರೆ ಶುಕೂರರಿಗೆ ಆಗುತ್ತಿರಲಿಲ್ಲ. ಪಕ್ಕದ ಶೆಡ್ಡೊಂದು ಹಾಡಹಗಲೇ ಉರಿದು ಬೂದಿಯಾದದ್ದನ್ನು ಕಣ್ಣಾರೆ ಕಂಡವರು. ಮನೆಯಲ್ಲಿ ಗ್ಯಾಸ್ ಒಲೆಯನ್ನೂ ಜಮೀಲರೇ ಹಚ್ಚಬೇಕು. ಯಾರ್ಡಿನ ಗೇಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದರು. ಒಳಗೆ ಬರುವವರು ಲೈಟರನ್ನು ಅದರಲ್ಲಿ ಹಾಕಬೇಕು, ಸಂಜೆ ತೆಗೆದುಕೊಂಡು ಹೋಗಬೇಕು. ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಹೆಸರು ಬರೆದಿದ್ದರು. ಮ್ಯಾನೇಜರ್ ಬಂದರೂ ಡಬ್ಬಿ ಮುಂದೆ ಬರುತ್ತಿತ್ತು.

2011ರಲ್ಲಿ ಒಂದು ಪೈನ್ ಕಟ್ಟು ಬಿಚ್ಚಿದಾಗ ಒಂದರ ಕೆಳಗೊಂದು ನಾಲ್ಕು ಹಲಗೆಗಳಲ್ಲಿ, ಒಂದೇ ಜಾಗದಲ್ಲಿ, ಕಪ್ಪು ಕಲೆ ಕಂಡಿತು. ಉಜ್ಜಿದರೆ ಬೆರಳಿಗೆ ಮಸಿ. ಯಾರೋ ಸಿಗರೇಟಿನ ತುಂಡು ತುರುಕಿದ್ದಾರೆ, ಕೆಂಡ ಹಲಗೆಯಿಂದ ಹಲಗೆಗೆ ಇಳಿದಿದೆ ಎಂದು ಶುಕೂರ್ ಆ ಕ್ಷಣವೇ ತೀರ್ಮಾನಿಸಿದರು. ಅಂದು ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಉಸ್ಮಾನನ ಜೇಬಿನಲ್ಲಿ ಹಸಿರು ಲೈಟರ್ ಸಿಕ್ಕಿತು. ಡಬ್ಬಿಗೆ ಹಾಕಲು ಮರೆತಿದ್ದ.

"ಅಲ್ಲಾಹನಾಣೆ ಶುಕೂರಾಕ, ನಾನು ಒಳಗೆ ಎಳೆಯಲಿಲ್ಲ."

"ಮತ್ತೆ ಇದೆಂತ? ಜಿನ್ನು ಬಂದು ಸಿಗರೇಟು ಎಳೆದದ್ದಾ?"

ಉಸ್ಮಾನನಿಗೆ ವೀಸಾ ಕೊಡಿಸಿ ಕರೆಸಿದ್ದೂ ಶುಕೂರರೇ. ಮ್ಯಾನೇಜರಿಗೆ ಅವರ ಮಾತೊಂದೇ ಸಾಕಾಯಿತು. ಹತ್ತು ದಿನದಲ್ಲಿ ವೀಸಾ ಕ್ಯಾನ್ಸಲ್. ಹೋಗುವ ದಿನ ಉಸ್ಮಾನ್ ಗೇಟಿನಲ್ಲಿ ನಿಂತು, "ನನ್ನ ಲೈಟರ್?" ಎಂದ. "ಅದು ಇಲ್ಲೇ ಇರಲಿ" ಎಂದರು ಶುಕೂರ್.

ಮೂರು ವರ್ಷ ಆ ಹಲಗೆಗಳು ಯಾರ್ಡಿನ ಮೂಲೆಯಲ್ಲಿ ಬಿದ್ದಿದ್ದವು. ಶುಕೂರರ ಫ್ಲಾಟಿನ ಕೆಳಗಿನ ಮಹಡಿಯಲ್ಲಿ ಮೋಹನದಾಸ್ ಮಾಸ್ಟ್ರ ಮನೆ. ಇಂಡಿಯನ್ ಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಶುಕ್ರವಾರದ ಪತ್ತಿರು ಎಂಬ ಅಕ್ಕಿರೊಟ್ಟಿ, ಕೋಳಿ ಸಾರಿಗೆ ತಪ್ಪದೆ ಮೇಲೆ ಬರುವ ಅತಿಥಿ.

"ಮಾಸ್ಟ್ರೇ, ಪುಸ್ತಕ ನೆಲದಲ್ಲಿಟ್ಟರೆ ನಿಮ್ಮ ಸರಸ್ವತಿಗೆ ಕೋಪ ಬರುವುದಿಲ್ಲವಾ? ಉಸ್ಮಾನ್ ಸುಟ್ಟ ನಾಲ್ಕು ಹಲಗೆ ಉಂಟು. ಯಾರಿಗೂ ಬೇಡದ ಮಾಲು, ಪುಸ್ತಕದ ಶೆಲ್ಫಿಗೆ ಸಾಕು."

ಮಾಸ್ಟ್ರ ಹಾಲಿನಲ್ಲಿ ಶುಕೂರ್ ಗರಗಸ ಹಿಡಿದು ಕಲೆಯಿದ್ದ ಜಾಗದಲ್ಲೇ ತುದಿಗಳನ್ನು ಕತ್ತರಿಸಿದರು. ಬಿದ್ದ ನಾಲ್ಕು ತುಂಡುಗಳನ್ನು ಮಾಸ್ಟ್ರು ಸುಮ್ಮನೆ ಒಂದರ ಮೇಲೊಂದು ಜೋಡಿಸಿದರು. ಒಂದರ ಗೆರೆ ಇನ್ನೊಂದಕ್ಕೆ ಕೂಡಿಕೊಂಡಿತು. ಸೀಳಿದ ಮರ ಮತ್ತೆ ದುಂಡಗಾಯಿತು.

"ಶುಕೂರ್ ಭಾಯಿ, ಇದು ಒಂದೇ ಮರದ್ದು."

"ಆಗಿರಬಹುದು. ಅದಕ್ಕೆಂತ?"

"ಕಪ್ಪು ಎಲ್ಲಿ ಉಂಟು ನೋಡಿ. ಮರದ ಹೊಟ್ಟೆಯಲ್ಲಿ. ಅದನ್ನು ಮುಚ್ಚಿಕೊಂಡು ಮೇಲೆ ಒಳ್ಳೆಯ ಮರ ಬೆಳೆದಿದೆ. ಸಿಗರೇಟಿನಿಂದ ಇದು ಆಗುತ್ತದಾ?"

ಆಮೇಲೆ ಮಾಸ್ಟ್ರು ವಿವರಿಸಿದರು. ಆ ಕಡೆಯ ಪೈನ್ ಕಾಡುಗಳಲ್ಲಿ ಕೆಲವು ದಶಕಕ್ಕೊಮ್ಮೆ ಸಣ್ಣ ಬೆಂಕಿ ನೆಲದ ಮೇಲೆಯೇ ಹರಿದು ಹೋಗುತ್ತದೆ. ಒಣ ಸೂಜಿಯೆಲೆ, ಪಾಚಿ, ಪೊದೆಗಳೆಲ್ಲ ಸುಟ್ಟು ನೆಲ ತೆರೆಯುತ್ತದೆ. ಉದುರಿದ ಬೀಜಕ್ಕೆ ಮಣ್ಣು ಸಿಗುತ್ತದೆ, ಬಿಸಿಲು ಸಿಗುತ್ತದೆ. ದಪ್ಪ ತೊಗಟೆಯ ದೊಡ್ಡ ಮರ ಒಂದು ಗಾಯ ತಿಂದು ನಿಂತೇ ಇರುತ್ತದೆ. ಬೆಂಕಿಯನ್ನು ಬಹುಕಾಲ ತಡೆದರೆ ಕಸ ರಾಶಿ ಬಿದ್ದು, ಒಂದು ದಿನ ಬೆಂಕಿ ಮರದ ತುದಿಯವರೆಗೆ ಎದ್ದು ಕಾಡನ್ನೇ ನುಂಗುತ್ತದೆ. "ನೋಡಿ, ಗಾಯ ಆದ ಮೇಲೆ ಕೆಲವು ಗೆರೆ ಸಣ್ಣ. ಮತ್ತೆ ಎಷ್ಟು ಅಗಲ! ಸುತ್ತಲಿನ ಪೈಪೋಟಿ ಕಡಿಮೆಯಾಗಿ ಮರ ತಿಂದುಂಡು ಬೆಳೆದಿದೆ."

ಶುಕೂರ್ ತುಂಡುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಕಲೆಯಿಂದ ಹೊರಕ್ಕೆ, ವರ್ಷಕ್ಕೊಂದರಂತೆ ಬೆಳೆದ ಗೆರೆಗಳನ್ನು ಉಗುರಿನಲ್ಲಿ ಎಣಿಸತೊಡಗಿದರು. ಚಹಾ ಆರಿತು. ಎಪ್ಪತ್ತೊಂದು.

"ಮಾಸ್ಟ್ರೇ," ಎಂದರು ಕೊನೆಗೆ, "ಆಗ ಉಸ್ಮಾನನ ಅಪ್ಪನೂ ಹುಟ್ಟಿರಲಿಲ್ಲ."

ಮರುದಿನವೇ ಯಾರ್ಡಿನಲ್ಲಿ ತಪ್ಪೊಪ್ಪಿಕೊಂಡರು. ಮ್ಯಾನೇಜರ್ ಬದಲಾಗಿದ್ದ. "ಖಲಾಸ್, ಹಳೇ ಕಥೆ" ಎಂದು ಕೈಬೀಸಿದ. ಉಳಿದದ್ದು ಉಸ್ಮಾನನಿಗೆ ಹೇಳುವುದೊಂದೇ. ಅವನು ಊರಿನಲ್ಲಿ ಗೂಡ್ಸ್ ಟೆಂಪೊ ಓಡಿಸುತ್ತಿದ್ದ, ನಂಬರೂ ಸಿಕ್ಕಿತು. ರಜೆಯಲ್ಲಿ ಎರಡು ಸಲ ಶುಕೂರ್ ಉಪ್ಪಿನಂಗಡಿಗೆ ಹೋಗಿ ಬಸ್ ಇಳಿದರು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದರು, ತಿರುಗಿ ಬಸ್ ಹತ್ತಿದರು.

"ಬೈದರೆ ಪರವಾಗಿಲ್ಲ ಮಾಸ್ಟ್ರೇ. 'ಆಯ್ತು ಶುಕೂರಾಕ' ಅಂತ ಸುಮ್ಮನಾದರೆ ಎಂತ ಮಾಡುವುದು?"

ರಬ್ಬರ್ ಬ್ಯಾಂಡ್ ಹಾಕಿದ ಆ ನಾಲ್ಕು ತುಂಡುಗಳು ಶುಕೂರರ ಕಿಟಕಿಯಲ್ಲಿ ನಾಲ್ಕು ವರ್ಷ ಕೂತಿದ್ದವು. ಬಿಸಿಲು ಬಿದ್ದಾಗ ಇನ್ನೂ ಘಮ್ಮೆನ್ನುತ್ತಿದ್ದವು.

ಏಪ್ರಿಲ್‌ನಲ್ಲಿ ನಿವೃತ್ತಿಯಾಗಿ ಊರು ಸೇರಬೇಕಿತ್ತು. "ಹೇಳದೆ ಹೋದರೆ ಆ ದಾರಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?" ಎಂದು ಮಾರ್ಚ್ ಎಂಟರ ಗುರುವಾರ ಮಾಸ್ಟ್ರಲ್ಲಿ ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಜಮೀಲ ಪತ್ತಿರು ತಟ್ಟುತ್ತಿದ್ದಾಗ ಅವರು ಕಿಟಕಿಯ ಬಳಿ ಕೂತು ತುಂಡುಗಳ ಫೋಟೊ ತೆಗೆದು ಉಸ್ಮಾನನಿಗೆ ಕಳಿಸಿದರು. ಆಮೇಲೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ಅಳಿಸಿ, ಮತ್ತೆ ಮಾಡಿದರು.

"ಉಸ್ಮಾನೇ, ನಾನು ಶುಕೂರಾಕ. ಫೋಟೊ ನೋಡು. ಆ ಕಪ್ಪು ನಿನ್ನ ಸಿಗರೇಟಿನದ್ದಲ್ಲ, ಮರ ಕಾಡಿನಲ್ಲಿರುವಾಗ ತಾಗಿದ ಬೆಂಕಿಯದ್ದು. ನೀನು ಹೇಳಿದ್ದು ಸತ್ಯ, ನಾನು ಹೇಳಿದ್ದು ತಪ್ಪು. ಗೊತ್ತಾಗಿ ನಾಲ್ಕು ವರ್ಷ ಆಯಿತು, ಹೇಳಲಿಕ್ಕೆ ಧೈರ್ಯ ಬರಲಿಲ್ಲ. ನಿನ್ನ ಲೈಟರ್ ಜೋಪಾನ ಉಂಟು. ಕೇಳು."

ಅಷ್ಟು ಹೇಳಿ, ಯಾರ್ಡಿನಿಂದ ತಂದಿಟ್ಟಿದ್ದ ಹಸಿರು ಲೈಟರನ್ನು ಫೋನಿನ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಗೀರಿದರು. ಎರಡು ಸಲ ಬರೀ ಕಿಡಿ. ಮೂರನೆಯದಕ್ಕೆ ಹೊತ್ತಿಕೊಂಡಿತು. "ಉರಿಯುತ್ತದೆ" ಎಂದರು, ಮತ್ತು ಕಳಿಸಿದರು.