ಮೋಡದ ಬೆಳಕಿನಲ್ಲಿ ಕಾಕಾನ ಕಣ್ಣು

ಮಾಲಗಾಂವದ ದ್ರಾಕ್ಷಿ ತೋಟದಲ್ಲಿ ಆ ಬೆಳಿಗ್ಗೆ ಮೋಡ ಕವಿದಿತ್ತು. ನನಗೂ ಅದೇ ಬೇಕಿತ್ತು. ಹದಿನಾಲ್ಕು ವರ್ಷದಿಂದ ಸಾಂಗಲಿ, ಮಿರಜಗಳ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಸಂಜೆಯ ಬಿಸಿಲು ಎಂಥವರನ್ನೂ ಚೆಂದ ಮಾಡುತ್ತದೆ. ಮೋಡದ ಬೆಳಕು ಹಾಗಲ್ಲ, ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.

ನನ್ನ ಅಪ್ಪನ ತಮ್ಮ ಕಾಕಾನಿಗೆ ಅರವತ್ತು ತುಂಬುವುದಿತ್ತು. ಆ ಸಮಾರಂಭದ ಕಾರ್ಡಿಗೆ ಕಾಕಾ, ಅವರ ಹೆಂಡತಿ ಕಾಕು ಇಬ್ಬರ ಫೋಟೊ ಬೇಕಾಗಿತ್ತು. ಸಾಂಗಲಿಯಲ್ಲಿ ಅರಿಸಿನದ ವ್ಯಾಪಾರ ಮಾಡುವ ಕಾಕಾ ಬಿಳಿ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಬಳ್ಳಿಗಳ ನಡುವೆ ನಿಂತರು.

ಮೊದಲ ಫೋಟೊ ತೆಗೆದು ಪರದೆ ನೋಡಿದೆ. ಕಾಕಾನ ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು. ಕ್ಯಾಮೆರಾದ ಬಣ್ಣ ತಪ್ಪಿದೆ ಎಂದುಕೊಂಡು, ಅವರ ಅಂಗಿಯ ಬಿಳಿಯನ್ನೇ ಅಳತೆಯಾಗಿ ಹಿಡಿದು ಸರಿಮಾಡಿ ಮತ್ತೆ ತೆಗೆದೆ. ಅಂಗಿ ಹಾಲಿನಂತೆ ಬಂತು. ಕಾಕುವಿನ ಕಣ್ಣುಗಳು ಬೆಳ್ಳಗೆ ಬಂದವು. ಕಾಕಾನವು ಮಾತ್ರ ನಿಂಬೆಯ ಸಿಪ್ಪೆಯಂತೆ ಇದ್ದವು. ಕ್ಯಾಮೆರಾ ಇಳಿಸಿ ಅವರ ಮುಖವನ್ನೇ ನೋಡಿದೆ.

"ಯಾಕ ಯವ್ವಾ, ಹಂಗ್ಯಾಕ ನಿಂತಿ?" ಎಂದರು ಕಾಕಾ.

"ಕಾಕಾ, ನಿಮ್ಮ ಕಣ್ಣ ಹಳದಿ ಆಗ್ಯಾವಲ್ರಿ."

ಅವರು ನಕ್ಕರು. "ಮೂವತ್ತ ವರ್ಷ ಅರಿಷಿಣದ ಧೂಳಾಗ ಕುಂತೇನಿ. ಹಳದಿ ಆಗದ ಕೆಂಪ ಆಗತಾವೇನು?"

ಕಾಕು ನಗಲಿಲ್ಲ. "ಹದಿನೈದ ದಿನ ಆತು, ಊಟ ಸೇರವಲ್ದು. ಮೈ ಕೆರೀತೈತಿ ಅಂದ್ರ ಧೂಳ ಅಂದ್ರು. ಬನಿಯನ್ ಹಳದಿ ಆದ್ರ ನಾನೂ ಅರಿಷಿಣ ಅಂತ ತಿಕ್ಕಿ ತಿಕ್ಕಿ ಒಗದೇನಿ," ಎಂದವರು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು.

ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ನೇರ ಮಿರಜದ ಆಸ್ಪತ್ರೆಗೆ ಬಂದೆ. ಒಳಗೆ ರಕ್ತ ತೆಗೆಯುತ್ತಿರುವಾಗ ಮೊಬೈಲಿನಲ್ಲಿ ಮೂರು ವಾರದ ಹಿಂದಿನ ಫೋಟೊ ತೆರೆದೆ. ಅಂಗಡಿಯ ಮುಂದೆ ಇಳಿಬಿಸಿಲಿನಲ್ಲಿ ನಾನೇ ತೆಗೆದದ್ದು, ಮನೆಮಂದಿಯೆಲ್ಲ ಹೊಗಳಿದ್ದು. ದೊಡ್ಡದು ಮಾಡಿ ನೋಡಿದರೆ ಆ ಹೊಂಬಣ್ಣದೊಳಗೆ ಆಗಲೇ ಕಣ್ಣು ಹಳದಿ. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕಂಪ್ಯೂಟರಿನಲ್ಲಿ ಆ ಹೊಂಬಣ್ಣವನ್ನು ಇನ್ನಷ್ಟು ಏರಿಸಿದವಳೂ ನಾನೇ. ಅಂದು ಕಾಕಾ ಹೊಟ್ಟೆಯ ಮೇಲೆ ಕೈ ಒತ್ತಿ ನಿಂತಿದ್ದರು. "ಕೈ ತೆಗೀರಿ ಕಾಕಾ, ಫೋಟೊ ಕೆಡತೈತಿ," ಎಂದಿದ್ದೆ. ತೆಗೆದಿದ್ದರು.

ಡಾಕ್ಟರು ಕಾಕಾನನ್ನು ಕಿಟಕಿಯ ಹತ್ತಿರ ಕರೆದೊಯ್ದು ರೆಪ್ಪೆ ಎಳೆದು ನೋಡಿದರು. ಇದು ಇಂದು ನಿನ್ನೆಯ ಕಾಮಾಲೆಯಲ್ಲ, ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಕಾಕು ನನ್ನ ಮುಖ ನೋಡಿದರು. ಪಿತ್ತದ ಕಲ್ಲೂ ಇರಬಹುದು, ಕ್ಯಾನ್ಸರಿನ ಗಂಟೂ ಇರಬಹುದು, ಸ್ಕ್ಯಾನ್ ಆಗಲಿ ಎಂದರು ಡಾಕ್ಟರು. ಎರಡು ತಾಸು ನಾವಿಬ್ಬರೂ ಬೆಂಚಿನ ಮೇಲೆ ಕಾದೆವು.

ಕಲ್ಲೇ. ಪಿತ್ತದ ನಾಳದಲ್ಲಿ ಸಿಕ್ಕಿಕೊಂಡಿತ್ತು. ಬಾಯಿಂದ ನಳಿಕೆ ಇಳಿಸಿ ತೆಗೆದರು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕೀವಾಗಿ ರಕ್ತಕ್ಕೇರುತ್ತಿತ್ತಂತೆ. ಕಾಕಾ ವಾರದ ಮೇಲೆ ಮನೆಗೆ ಬಂದರು, ಅಂಗಿ ಜೋತುಬೀಳುವಷ್ಟು ಸೊರಗಿ. ಕಾರ್ಡು ಫೋಟೊ ಇಲ್ಲದೆಯೇ ಅಚ್ಚಾಯಿತು.

ಈಗ ಯಾರೇ ಎದುರು ನಿಂತರೂ ಮರದ ನೆರಳಿನಿಂದ ಆಚೆ ಕರೆದು ಮೊದಲು ಕಣ್ಣು ನೋಡುತ್ತೇನೆ. ಮೊನ್ನೆ ಬುಧಗಾಂವದಲ್ಲಿ ಮದುಮಗಳೊಬ್ಬಳು ಗಾಬರಿಯಾದಳು. "ಯಾಕ್ರಿ ಹಂಗ ನೋಡ್ತೀರಿ, ಕಾಡಿಗಿ ಹರಡೇತೇನು?"

ಅವಳ ಕಣ್ಣು ಬೆಳ್ಳಗೇ ಇತ್ತು, ಕಾಡಿಗೆಯೂ ಹರಡಿರಲಿಲ್ಲ. ಆದರೂ ಹೌದೆಂದು ಹೇಳಿ ಕರವಸ್ತ್ರ ಕೊಟ್ಟೆ.