ಸೀರೆ ಒಣಗುವವರೆಗೆ

ಆ ಕಾಲದಲ್ಲಿ ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿ ಯಾರನ್ನು ನಿಲ್ಲಿಸಿ 'ಯಾತ್ರೆ ಗುರುಬಸಮ್ಮನ ಮನೆ ಯಾವುದು' ಅಂತ ಕೇಳಿದರೂ ಬಾಗಿಲವರೆಗೆ ಬಂದು ಬಿಟ್ಟು ಹೋಗುತ್ತಿದ್ದರು. ಊರಿನ ಅರ್ಧ ಹೆಂಗಸರು ಕಾಶಿ, ರಾಮೇಶ್ವರ ನೋಡಿದ್ದು ಆಕೆಯ ಬೆನ್ನು ಹತ್ತಿಯೇ. 1991ರಲ್ಲಿ ಬೀದಿಯ ಹದಿನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಮೊದಲ ಸಲ ಶ್ರೀಶೈಲಕ್ಕೆ ಹೊರಟಾಗ, ಸರ್ಕಾರಿ ಬಸ್ಸಿನ ಡ್ರೈವರಾಗಿದ್ದ ಗಂಡ ಶಿವಮಲ್ಲಪ್ಪ, "ವಾಪಸ್ ಬರೋವಾಗ ತಲೆ ಎಣಿಸ್ಕೊಂಡು ಬಾ" ಅಂತ ನಕ್ಕಿದ್ದ. ಅಷ್ಟೂ ತಲೆ ವಾಪಸ್ಸು ಬಂದವು. ಮಾರನೇ ವರ್ಷ ಮನೆಯ ಮುಂದಿನ ಕೋಣೆಗೆ ಒಂದು ತಗಡಿನ ಬೋರ್ಡು ಬಂತು. ಅದನ್ನು ಬರೆಸಿ ತಂದವನು ಶಿವಮಲ್ಲಪ್ಪನೇ.

ಗುರುಬಸಮ್ಮನ ಯಾತ್ರೆಗೆ ಒಂದು ಕಾನೂನಿತ್ತು. ಒಂದು ಊರು ಸೇರಿದ ಮೇಲೆ ಅಲ್ಲಿ ಒಗೆದು ಹರವಿದ ಸೀರೆ ಪೂರ್ತಿ ಒಣಗುವವರೆಗೆ ಆ ಊರು ಬಿಡುವಂತಿಲ್ಲ. ಬೇರೆಯವರ ಬಸ್ಸಿನಲ್ಲಿ ಹೋದವರು ಒದ್ದೆ ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿಕೊಂಡು, ದೇವರ ಮುಖವನ್ನೂ ಸರಿಯಾಗಿ ನೋಡದೆ ಓಡೋಡಿ ಬರುತ್ತಿದ್ದರು. ಗುರುಬಸಮ್ಮನ ಜೊತೆ ಹೋದವರು ಊರೂರಿನಲ್ಲೂ ಹೊಳೆದಂಡೆಯ ಮೇಲೆ ಕಾಲು ಚಾಚಿ ಕೂತು, ಹುರಿಗಾಳು ತಿಂದು, ಅಲ್ಲಿನ ಹೆಂಗಸರ ಹತ್ತಿರ ಕೈಸನ್ನೆಯಲ್ಲೇ ಕಷ್ಟಸುಖ ಮಾತಾಡಿ ಬರುತ್ತಿದ್ದರು. ಆಕೆಯ ಜೊತೆ ಹೋಗಿ ಒಬ್ಬರೂ ತಪ್ಪಿಸಿಕೊಂಡದ್ದಿಲ್ಲ, ಒಬ್ಬರೂ ಹಸಿದು ಮಲಗಿದ್ದಿಲ್ಲ. ಆ ಹೆಸರೇ ಆಕೆಯ ಆಸ್ತಿ, ಅದರ ಬಗ್ಗೆ ಆಕೆಗೆ ಸಾಕಷ್ಟು ಜಂಬವೂ ಇತ್ತು. ಯಾಕಿರಬಾರದು?

2005ರ ಮೇ ತಿಂಗಳಲ್ಲಿ ಕಳಲೆಯ ಮಧುಶ್ರೀ ಗಂಡನನ್ನು ಕರೆದುಕೊಂಡು ಆ ಕೋಣೆಗೆ ಬಂದಳು. ಮದುವೆಯಾಗಿ ಒಂಬತ್ತು ದಿನವಾಗಿತ್ತು. ಗಂಡ ಸೋಮಶೇಖರ್, ತಿರುಮಕೂಡಲು ನರಸೀಪುರದ ರೈಸ್ ಮಿಲ್ ಮನೆಯವನು. ಮದುವೆಗೆ ಮುಂಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಎರಡೇ ಸಲ, ಅದೂ ಇಪ್ಪತ್ತು ಜನರ ನಡುವೆ. ಕೋಣೆಯಲ್ಲಿ ಮೂರು ಕುರ್ಚಿ ಇದ್ದವು. ಇವನು ಈ ತುದಿಗೆ, ಅವಳು ಆ ತುದಿಗೆ ಕೂತರು, ನಡುವಿನದು ಖಾಲಿ ಉಳಿಯಿತು. ಗುರುಬಸಮ್ಮ ಅದನ್ನು ಗಮನಿಸಿದಳು.

ಮಧುಶ್ರೀ ಮೈಸೂರಿನ ಯಾವುದೋ ಟ್ರಾವೆಲ್ಸಿನವರು ಕೊಟ್ಟ ಬಣ್ಣದ ಕಾಗದ ಮುಂದಿಟ್ಟಳು. "ದೊಡ್ಡಮ್ಮ, ಯುರೋಪಿಗೆ ಹನಿಮೂನ್ ಅಂತ ಹೊರಟಿದೀವಿ. ನಮ್ಮಜ್ಜಿನ ಕಾಶಿಗೆ ಕರ್ಕೊಂಡೋಗಿದ್ರಲ್ಲ, ಅದಕ್ಕೇ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದೆ."

ಹನ್ನೊಂದು ದಿನಕ್ಕೆ ಒಂಬತ್ತು ದೇಶ. ಗುರುಬಸಮ್ಮ ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ಓದಿದಳು. "ಬೆಳಿಗ್ಗೆ ಆರಕ್ಕೆ ಬಸ್ಸು, ಒಂಬತ್ತಕ್ಕೆ ಒಂದು ದೇಶ, ಊಟಕ್ಕೆ ಇನ್ನೊಂದು ದೇಶ. ಇದು ಅನಿಮೂನಲ್ಲ ಕಣವ್ವ, ಎಲೆಕ್ಷನ್ ಪ್ರಚಾರ. ನಿಮ್ಮತ್ತೆ ಮನೇಲಿ ಲಿಂಗಪೂಜೆ ಆಗ್ದೆ ಬಾಯಿಗೆ ನೀರು ಆಕಲ್ಲ. ಆರಕ್ಕೆ ಬಸ್ಸು ಅಂದ್ರೆ ಯಾವಾಗ ಏಳ್ತೀರ? ಇಬ್ರೂ ಕುತ್ಗೊಂಡು ಮಾತಾಡೋದು ಯಾವಾಗ?"

"ನೀವೇ ಒಂದು ಲಿಸ್ಟ್ ಮಾಡ್ಕೊಡಿ ದೊಡ್ಡಮ್ಮ." ಆಮೇಲೆ ಸ್ವಲ್ಪ ಅನುಮಾನದಿಂದ, "ಆದ್ರೆ ನೀವು ಆ ಕಡೆ ಹೋಗಿಲ್ವಲ್ಲ?" ಅಂದಳು.

"ನಿಮ್ಮಜ್ಜಿನ ಕರ್ಕೊಂಡೋದಾಗ ಕಾಶಿನೂ ನೋಡಿರ್ಲಿಲ್ಲ."

ಸೋಮಶೇಖರನಿಗೆ ನಗು ಬಂತು. ತಕ್ಷಣ ತಡೆದುಕೊಂಡ. ರೈಸ್ ಮಿಲ್ ಮನೆಯಲ್ಲಿ ಗಂಡಸರು ಜೋರಾಗಿ ನಗುವ ಪದ್ಧತಿ ಇರಲಿಲ್ಲವೇನೋ.

ಮರುದಿನದಿಂದ ಗುರುಬಸಮ್ಮನ ಠಿಕಾಣಿ ಪಕ್ಕದ ರಸ್ತೆಯ ಸೈಬರ್ ಸೆಂಟರ್. ಅದನ್ನು ನಡೆಸುತ್ತಿದ್ದ ಅರ್ಪಿತ ಕಂಪ್ಯೂಟರಿನಲ್ಲಿ ಓದಿ ಹೇಳುವುದು, ಈಕೆ ಬರೆದುಕೊಳ್ಳುವುದು. ಈಕೆ ಕೇಳುತ್ತಿದ್ದ ಪ್ರಶ್ನೆಗಳಾದರೂ ಎಂಥವು! ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಇಳಿಯುತ್ತದೆ? ರೂಮಿನ ಹತ್ತಿರ ಹೊಳೆ ಇದೆಯಾ? ಬಟ್ಟೆ ಹರವಲು ಜಾಗ ಕೊಡುತ್ತಾರಾ? ಈ ಕೊನೆಯ ಪ್ರಶ್ನೆಯನ್ನು ಅರ್ಪಿತ ಇಂಗ್ಲಿಷಿನಲ್ಲಿ ಬರೆದು ಹನ್ನೊಂದು ಹೋಟೆಲಿಗೆ ಕಳಿಸಿದಳು. ನಾಲ್ಕು ಹೋಟೆಲಿನವರು ಮಾತ್ರ ಉತ್ತರ ಕೊಟ್ಟರು. ಗುರುಬಸಮ್ಮ ಆ ನಾಲ್ಕನ್ನೇ ಆರಿಸಿದಳು.

ಎಲ್ಲರ ಬಾಯಲ್ಲೂ ಸ್ವಿಟ್ಜರ್‌ಲೆಂಡ್. ಆದರೆ ಅದಕ್ಕೆ ಬೇರೆ ವೀಸಾ ಬೇಕು ಅಂತ ಗೊತ್ತಾಯಿತು. ಆಷಾಢ ಹುಟ್ಟುವುದರೊಳಗೆ ಮಕ್ಕಳು ವಾಪಸ್ಸು ಬರಬೇಕು, ಹೊಸ ಸೊಸೆ ತವರಿಗೆ ಹೋಗಬೇಕು. ಎರಡೆರಡು ವೀಸಾಕ್ಕೆ ಎಲ್ಲಿಯ ಟೈಮು? ಗುರುಬಸಮ್ಮ ಮ್ಯಾಪಿನ ಮೇಲೆ ಬೆರಳಾಡಿಸಿ, "ಅದೇ ಬೆಟ್ಟ ಪಕ್ಕದ ಆಸ್ಟ್ರಿಯಾಕ್ಕೂ ಬಂದದಲ್ಲವ್ವ" ಅಂದಳು. ಹೀಗೆ ಲಿಸ್ಟು ತಯಾರಾಯಿತು. ಪ್ಯಾರಿಸ್ಸಿನಲ್ಲಿ ನಾಲ್ಕು ರಾತ್ರಿ, ಸಾಲ್ಜ್‌ಬರ್ಗ್ ಪಕ್ಕದ ಸರೋವರದ ಹಳ್ಳಿಯಲ್ಲಿ ಐದು, ವೆನಿಸ್ಸಿನಲ್ಲಿ ನಾಲ್ಕು, ರೋಮಿನಲ್ಲಿ ನಾಲ್ಕು, ಅಲ್ಲಿಂದ ವಿಮಾನ ಹತ್ತಿ ಮನೆಗೆ. ಹತ್ತು ಗಂಟೆಗೆ ಮುಂಚೆ ಯಾವ ರೈಲೂ ಇಲ್ಲ. ನೋಡುವುದು ದಿನಕ್ಕೆ ಒಂದೇ ಜಾಗ. ಪ್ರತಿ ಊರಿನಲ್ಲೂ ಒಂದು ದಿನದ ಮುಂದೆ, 'ಸಂಜೆ: ಏನೂ ಇಲ್ಲ, ನೀರಿನ ಹತ್ತಿರ ಕೂರುವುದು' ಅಂತ ಬರೆದಿತ್ತು. ಬೆಂಗಳೂರಿನ ವೀಸಾ ಆಫೀಸಿನಲ್ಲಿ ಅಧಿಕಾರಿ ಅದನ್ನು ಎರಡು ಸಲ ಓದಿ, ಇದನ್ನು ಯಾರು ಮಾಡಿದ್ದು ಅಂತ ಕೇಳಿದನಂತೆ. ವೀಸಾ ಸಿಕ್ಕಿತು.

ಸಿಗದೇ ಇದ್ದದ್ದು ಮನೆಯ ಒಪ್ಪಿಗೆ. ಸೋಮಶೇಖರನ ತಾತ ಪುಟ್ಟಬಸವಯ್ಯ ನರಸೀಪುರದಿಂದ ಕೊಡೆ ಹಿಡಿದು ಬಂದರು, ಹಿಂದೆ ಮೊಮ್ಮಗ, ಮಧುಶ್ರೀ. ಆ ಮನೆಯಲ್ಲಿ ಅವರು ಹೂಂ ಅನ್ನದೆ ಮಿಲ್ಲಿನ ಬೆಲ್ಟೂ ತಿರುಗುತ್ತಿರಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಶುರು ಮಾಡಿದರು. "ಅಲ್ಲ ಗುರುಬಸಮ್ಮ, ಒಸ ಎಣ್ಣು ಅತ್ತೆ ಮನೆಗೆ ಬರೋವಾಗ್ಲೇ ತವರಿಂದ ಜೊತೆಗೆ ಒಬ್ರನ್ನ ಕಳಿಸ್ತಾರೆ. ಸಮುದ್ರ ದಾಟೋಕೆ ಬ್ಯಾಡ್ವಾ? ನೀನೇ ಓಗು. ನಿನ್ ಟಿಕೀಟು ನಮ್ದು."

ಗುರುಬಸಮ್ಮನಿಗೆ ಆಸೆಯಾಯಿತು. ಇಪ್ಪತ್ತು ದಿನದಿಂದ ಮ್ಯಾಪಿನಲ್ಲಿ ಓಡಾಡಿದ್ದ ಊರುಗಳು, ಹೊಳೆಗಳು, ಕಿಟಕಿಗಳು ಒಂದು ಕ್ಷಣ ಕಣ್ಣ ಮುಂದೆ ಬಂದವು. ಹೂಂ ಅಂದಿದ್ದರೆ ಆಕೆಯೂ ನೋಡಿ ಬರುತ್ತಿದ್ದಳು. ಮಕ್ಕಳ ಕಡೆ ತಿರುಗಿದಳು. ಅವತ್ತೂ ನಡುವಿನ ಕುರ್ಚಿ ಖಾಲಿ ಇತ್ತು.

"ನಾನು ಓದ್ರೆ ಆ ಕುರ್ಚಿ ಮೇಲೆ ನಾನೇ ಕೂತಂಗಾಯ್ತದೆ ಯಜಮಾನ್ರೇ. ಅವ್ರಿಬ್ರೇ ಓಗ್ಲಿ. ಎಂಗೆ ಓದ್ರೋ ಅಂಗೇ ಬತ್ತಾರೆ, ನನ್ ಮಾತು."

"ಏನಾದ್ರೂ ಎಚ್ಚುಕಮ್ಮಿ ಆದ್ರೆ?"

"ಆಚೆ ಐತಲ್ಲ ಬೋರ್ಡು, ಅದನ್ನ ಇಳಿಸ್ಬುಡ್ತೀನಿ."

ಮಾತು ಬಾಯಿಂದ ಬಿದ್ದಾಗಿತ್ತು. ಪುಟ್ಟಬಸವಯ್ಯ ಕೊಡೆ ಎತ್ತಿಕೊಂಡು ಎದ್ದರು. ಒಪ್ಪಿದರು ಅಂತ ಅದರ ಅರ್ಥ.

ಚಟ್ನಿಪುಡಿ, ಅವಲಕ್ಕಿ, ರಾಗಿ ಹುರಿಹಿಟ್ಟು ಕಟ್ಟಿಕೊಂಡು ಜೂನ್ ಎರಡನೇ ವಾರ ಗಂಡಹೆಂಡಿರು ಹೊರಟರು. ಚೂಡಿದಾರಗಳ ನಡುವೆ ಮಧುಶ್ರೀ ಎರಡು ಹತ್ತಿ ಸೀರೆಯನ್ನೂ ಇಟ್ಟುಕೊಂಡಿದ್ದಳು. ಸೋಮಶೇಖರನ ಮೊಬೈಲು ಗುಂಡ್ಲುಪೇಟೆ ದಾಟಿದರೆ ಸತ್ತಂತೆ. ಆದ್ದರಿಂದ ಒಂದೊಂದು ಊರು ಮುಟ್ಟಿದ ದಿನವೂ ನಮ್ಮ ಮಧ್ಯಾಹ್ನ ಮೂರೂವರೆ ಗಂಟೆಗೆ ಗುರುಬಸಮ್ಮನ ಮನೆಗೆ ಫೋನ್ ಮಾಡಬೇಕು ಅಂತ ಮಾತಾಗಿತ್ತು. ಪ್ಯಾರಿಸ್ಸಿನಿಂದ ಬಂತು. ಸರೋವರದ ಹಳ್ಳಿಯಿಂದಲೂ ಬಂತು. ಗುರುವಾರ ವೆನಿಸ್ಸಿನಿಂದ ಬರಬೇಕಿತ್ತು.

ಬರಲಿಲ್ಲ.

ಶುಕ್ರವಾರವೂ ಬರಲಿಲ್ಲ. ಅರ್ಪಿತ ವೆನಿಸ್ಸಿನ ಹೋಟೆಲಿಗೆ ಫೋನ್ ಹಚ್ಚಿದಳು. ಆ ಹೆಸರಿನವರು ಬಂದೇ ಇಲ್ಲ ಅಂದರು. ಸರೋವರದ ಹಳ್ಳಿಯ ಪುಟ್ಟ ಹೋಟೆಲಿನಲ್ಲಿ ಫೋನ್ ಎಷ್ಟು ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೇ ಪುಟ್ಟಬಸವಯ್ಯ ಬಂದು ಕುರ್ಚಿಯಲ್ಲಿ ಕೂತರು. "ನಾನು ಯೋಳಿದ್ದೆ" ಅಂತ ಒಂದೇ ಮಾತು ಅಂದು, ಆಮೇಲೆ ಫೋನನ್ನೇ ನೋಡತೊಡಗಿದರು. ಬೈದಿದ್ದರೆ ವಾಸಿಯಿತ್ತು.

ಶಿವಮಲ್ಲಪ್ಪ ಮಾಡಿಕೊಟ್ಟ ಕಾಫಿ ಮುಂದೆಯೇ ಆರಿತು. ಹೊರಗೆ ಬೋರ್ಡು ಗಾಳಿಗೆ ಸದ್ದು ಮಾಡಿದಾಗಲೆಲ್ಲ ಗುರುಬಸಮ್ಮ ಬಾಗಿಲ ಕಡೆ ತಿರುಗುತ್ತಿದ್ದಳು. ಭಾಷೆ ಬಾರದ ದೇಶಕ್ಕೆ ಎರಡು ಮಕ್ಕಳನ್ನು ಕಳಿಸಿದೆನಲ್ಲ, ನನ್ನ ಜಂಬಕ್ಕೆ ಬೆಂಕಿ ಹಾಕ, ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಜೊತೆಗೆ ಹೋಗಬೇಕಿತ್ತು ಅಂತಲೂ ಅನ್ನಿಸಿತು. ಬೋರ್ಡು ಹೋದರೆ ಹೋಗಲಿ, ಹುಡುಗರು ಸಿಕ್ಕರೆ ಸಾಕು.

ಮೂರೂವರೆಗೆ ಸರಿಯಾಗಿ ಫೋನು ಬಡಿದುಕೊಂಡಿತು.

"ದೊಡ್ಡಮ್ಮ, ನಾನು ಮಧುಶ್ರೀ." ಗಟ್ಟಿ ದನಿ. "ಇನ್ನೂ ಸರೋವರದ ಹತ್ರಾನೇ ಇದೀವಿ."

"ಯಾಕವ್ವ? ಏನಾಯ್ತು?"

"ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಸೀರೆ ಒಣಗ್ಲೇ ಇಲ್ಲ. ಒಣಗೋವರೆಗೂ ಊರು ಬಿಡಬಾರದು ಅಂತ ನೀವೇ ಹೇಳಿದ್ರಲ್ಲ? ರೈಲ್ ಟಿಕೆಟ್ ನಾಳೆಗೆ ಬದಲಾಯಿಸ್ಕೊಂಡ್ವಿ."

"ಅದು ಸರಿ. ಫೋನ್ ಯಾಕೆ ಮಾಡ್ಲಿಲ್ಲ? ಇಲ್ಲಿ ನಿಮ್ ತಾತ ಅನ್ನ ನೀರು ಬಿಟ್ಟು ಕುಂತವ್ರೆ."

"ಹೋಟೆಲಿನವ್ರು ದೋಣಿ ಕೊಟ್ರು. ಕೊಡೆ ಹಿಡ್ಕೊಂಡು ನೀರಲ್ಲೇ ಸುತ್ತಾಡ್ತಿದ್ವಿ. ಮಾತಾಡ್ತಾ ಮಾತಾಡ್ತಾ ಇವತ್ತು ಯಾವ ವಾರ ಅಂತ್ಲೇ ಗೊತ್ತಾಗ್ಲಿಲ್ಲ. ಮರ್ತೇಬಿಟ್ವಿ ದೊಡ್ಡಮ್ಮ." ಹಿಂದಿನಿಂದ ಸೋಮಶೇಖರ್ ಏನೋ ಅಂದ, ಅವಳು ಅವನಿಗೇನೋ ಅಂದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

ಬಯ್ಯಬೇಕೆಂದು ಬಾಯಿ ತೆರೆದಿದ್ದ ಗುರುಬಸಮ್ಮನಿಗೆ ಖುಷಿಗೆ ಕಣ್ಣಲ್ಲಿ ನೀರು ಬಂತು. ರಿಸೀವರನ್ನು ಪುಟ್ಟಬಸವಯ್ಯನವರ ಕಿವಿಗೆ ಹಿಡಿದಳು. ಮೊಮ್ಮಗ ಅಷ್ಟು ಜೋರಾಗಿ ನಕ್ಕಿದ್ದನ್ನು ಅವರು ಇಪ್ಪತ್ತೇಳು ವರ್ಷದಲ್ಲಿ ಕೇಳಿರಲಿಲ್ಲ. ಕೇಳುತ್ತ ಕೂತರು. ಕೊನೆಗೆ, "ಒಣಗೋಗಂಟ ಇರಿ, ಆತುರ ಏನಿಲ್ಲ" ಅಂದು ಫೋನ್ ಇಟ್ಟರು.

"ಯಜಮಾನ್ರೇ, ಫೋನ್ ಮಾಡೋದ್ನ ಮರೀಲಿ ಅಂತ್ಲೇ ನಾನು ಆ ಲಿಸ್ಟ್ ಮಾಡಿದ್ದು" ಅಂದಳು ಗುರುಬಸಮ್ಮ. ಜಂಬ ಪೂರ್ತಿ ವಾಪಸ್ಸು ಬಂದಿತ್ತು.

ವೆನಿಸ್ಸಿನಲ್ಲಿ ಮೂರು ದಿನ ಕಮ್ಮಿಯಾಯಿತು. ಅದಕ್ಕಾಗಿ ಇಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ಆಷಾಢಕ್ಕೆ ಮುಂಚೆಯೇ ಬಂದು, ಆಕೆಗೊಂದು ಪುಟ್ಟ ಮರದ ದೋಣಿ ಕೊಟ್ಟರು. ಅವತ್ತು ಒತ್ತಿಕೊಂಡು ಪಕ್ಕಪಕ್ಕದ ಕುರ್ಚಿಯಲ್ಲೇ ಕೂತರು, ಖಾಲಿ ಉಳಿದದ್ದು ತುದಿಯದು. ಹೋದ ಹಾಗೇ ಬರುತ್ತಾರೆ ಅಂದಿದ್ದಳಲ್ಲ, ಆ ಒಂದು ಮಾತು ಮಾತ್ರ ಸುಳ್ಳಾಯಿತು. ಬೋರ್ಡು ಇದ್ದಲ್ಲೇ ಇತ್ತು. ದೀಪಾವಳಿಗೆ ಶಿವಮಲ್ಲಪ್ಪ ಅದರ ಕೆಳಗೆ 'ವಿದೇಶ ಪ್ರವಾಸವೂ ಉಂಟು' ಅಂತ ಬರೆಸಿದ.

ಮಾರನೇ ವರ್ಷ ಯುಗಾದಿ ಕಳೆದ ಮೇಲೆ ಪುಟ್ಟಬಸವಯ್ಯ ಮತ್ತೆ ಬಂದರು. ಈ ಸಲ ಹಿಂದೆ ಹೆಂಡತಿ ರುದ್ರಮ್ಮ. ಐವತ್ತೆರಡು ವರ್ಷದ ಸಂಸಾರ. ನಲವತ್ತು ಜನರಿದ್ದ ಮನೆಗೆ ಸೊಸೆಯಾಗಿ ಬಂದ ಆಕೆ, ಗಂಡನ ಪಕ್ಕದಲ್ಲಿ ಕೂತು ಮಾತಾಡಿದ್ದೇ ಅಪರೂಪ.

"ಅದೇ ಲಿಸ್ಟು ಕೊಡು ಗುರುಬಸಮ್ಮ" ಅಂದರು ಪುಟ್ಟಬಸವಯ್ಯ, ಗೋಡೆ ನೋಡುತ್ತ.

"ಜೊತೆಗೆ ಒಬ್ರು ಬ್ಯಾಡ್ವಾ ಯಜಮಾನ್ರೇ?"

"ಯಾರೂ ಬ್ಯಾಡ. ಫೋನೂ ಕಾಯ್ಬ್ಯಾಡ."

ಗುರುಬಸಮ್ಮ ಪೆನ್ನು ತೆಗೆದು, ಯಾವ ಊರಲ್ಲಿ ಎಷ್ಟು ದಿನ ಇರುತ್ತೀರಿ ಅಂತ ಕೇಳಿದಳು. ಅಷ್ಟು ಹೊತ್ತೂ ಸೆರಗಿನ ಅಂಚು ತಿರುವುತ್ತ ಕೂತಿದ್ದ ರುದ್ರಮ್ಮ ತಲೆ ಎತ್ತಿದಳು.

"ಸೀರೆ ನಿಧಾನಕ್ಕೆ ಒಣಗೋ ಊರಲ್ಲೇ ಜಾಸ್ತಿ ದಿನ ಆಕವ್ವ."